ಅನುವಾದವೋ, ದೂರೋ, ನಕ್ಷೆಯೋ, ಕೋಡೋ? ಓಪನ್ ಸೋರ್ಸ್ ಆ್ಯಪ್‌ಗೆ ಎಲ್ಲಿಂದ ಕೈ ಹಚ್ಚಬೇಕು

ಹೋದ ಬೇಸಿಗೆ, ಪರೀಕ್ಷೆ ಮುಗಿದ ಮರುವಾರ, ಸೇಡಂ ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಮನೆಗೆ ಬಂದಳು. ಕೊಟ್ಟ ನೀರು ಕುಡಿಯುವ ಮೊದಲೇ ಸುರು ಮಾಡಿದಳು. “ಸರ್, ಯಾವುದಾದ್ರೂ ಓಪನ್ ಸೋರ್ಸ್ ಆ್ಯಪ್‌ಗೆ ಏನಾರ ಮಾಡ್ಬೇಕಂತ ಭಾಳ ಆಸೆ ಅದರಿ. ಮೂರು ದಿನ ಆಯ್ತು, ಬಿಲ್ಡೇ ಆಗವಲ್ದು.” ಓಪನ್ ಸೋರ್ಸ್ ಎಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ, ಬಿಲ್ಡ್ ಎಂದರೆ ಆ ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವುದು. ತೆರೆದು ನೋಡಿದರೆ 4 ಜಿಬಿ ರ‍್ಯಾಮ್‌ನ ಯಂತ್ರ. ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೊ ಓಡಲಿಕ್ಕೆ ಕನಿಷ್ಠ 8 ಜಿಬಿ ಬೇಕು, ಎಮ್ಯುಲೇಟರ್ (ಕಂಪ್ಯೂಟರ್ ತೆರೆಯ ಮೇಲೆ ಓಡುವ ಅಣಕು ಫೋನ್) ಸಹಿತ ಬೇಕಾದರೆ 16 ಜಿಬಿ ಎಂದು ಅದನ್ನು ಮಾಡಿದ ಗೂಗಲ್ ತಾನೇ ಹೇಳಿದೆ. ಅದರ ಮೇಲೆ ಮೊದಲ ಸಲ ಬಿಲ್ಡ್ ಮಾಡುವಾಗ, ಆ ಕೆಲಸ ನಡೆಸುವ ಗ್ರೇಡಲ್ ಎಂಬ ಸಾಧನ ಬೇಕಾದ ಲೈಬ್ರರಿಗಳನ್ನೆಲ್ಲ ಒಂದೊಂದಾಗಿ ಇಳಿಸಿಕೊಳ್ಳುತ್ತದೆ. ಆ ಹುಡುಗಿ ತನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮೂರೂ ದಿನದ ಡೇಟಾ ಅದಕ್ಕೇ ಸುರಿದಿದ್ದಳು.

ಕೋಡ್ ಬರೆದರಷ್ಟೇ ಕೊಡುಗೆ ಎಂದು ಆಕೆಯ ತಲೆಯಲ್ಲಿ ತುಂಬಿದವರು ನಮ್ಮಂಥ ಕಲಿಸುವವರೇ. ಕೋಡ್ ಬರೆಯುವ ಜನ ಜಗತ್ತಿನ ತುಂಬ ಇದ್ದಾರೆ. ಕನ್ನಡ ಗೊತ್ತಿದ್ದು, ಕಲಬುರಗಿಯ ಓಣಿ ಗೊತ್ತಿದ್ದು, ಎಂಟು ಸಾವಿರದ ಫೋನಿನಲ್ಲಿ ದಿನವಿಡೀ ಆ್ಯಪ್ ಬಳಸುವವರು ಆ ಪ್ರಾಜೆಕ್ಟ್‌ಗಳ ಹತ್ತಿರ ಎಷ್ಟು ಮಂದಿ ಇದ್ದಾರು? ನನ್ನ ಅಳತೆಗೋಲು ಇದು: ನಿಮ್ಮ ಕೈಯಲ್ಲಿದ್ದು ಆ ಪ್ರಾಜೆಕ್ಟ್‌ನವರ ಕೈಯಲ್ಲಿ ಇಲ್ಲದ್ದು ಏನು ಎಂದು ನೋಡಿ, ಅಲ್ಲಿಂದ ಹೊರಡಿ. ಕೆಳಗೆ ನಾಲ್ಕು ದಾರಿಗಳನ್ನು ಹೋಲಿಸಿದ್ದೇನೆ. ನಾಲ್ಕರಲ್ಲೂ ನಡೆದು ನೋಡಿದ್ದರಿಂದ ನನ್ನ ಒಲವು ಯಾವ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮೊದಲು ಆ್ಯಪ್ ಆರಿಸಿ

ದಿನಾ ಬಳಸುವ ಆ್ಯಪ್ ಆಗಿರಲಿ. ಬಳಸದ ಆ್ಯಪ್‌ನ ನೋವು ನಿಮಗೆ ತಿಳಿಯುವುದಿಲ್ಲ, ಎರಡನೇ ವಾರಕ್ಕೆ ಬೇಸರ ಬರುತ್ತದೆ. ವಿಕಿಪೀಡಿಯ ಓದುವವರಿಗೆ ಅದರ ಆಂಡ್ರಾಯ್ಡ್ ಆ್ಯಪ್ ಇದೆ, ಪಾಡ್‌ಕಾಸ್ಟ್ ಕೇಳುವವರಿಗೆ ಆಂಟೆನಾಪಾಡ್, ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್ಯಾಂಡ್, ಮೇಲ್‌ಗೆ ಥಂಡರ್‌ಬರ್ಡ್. ಥಂಡರ್‌ಬರ್ಡ್‌ನ ಆಂಡ್ರಾಯ್ಡ್ ಆ್ಯಪ್ ಹುಟ್ಟಿದ್ದು ಕೆ-9 ಮೇಲ್ ಎಂಬ ಹಳೆಯ ಆ್ಯಪ್‌ನಿಂದ. ಕೆ-9 ತಂಡ 2022ರಲ್ಲಿ ಥಂಡರ್‌ಬರ್ಡ್ ತಂಡವನ್ನು ಸೇರಿ, 2024ರ ಅಕ್ಟೋಬರ್‌ನಲ್ಲಿ ಹೊಸ ಹೆಸರಿನ ಆ್ಯಪ್ ಹೊರತಂದಿತು.

ಹುಡುಕಲು ಸುಲಭದ ಜಾಗ ಎಫ್-ಡ್ರಾಯ್ಡ್. 2010ರಿಂದ ನಡೆದುಬಂದಿರುವ ಈ ಆ್ಯಪ್ ಅಂಗಡಿಯಲ್ಲಿ ಇರುವುದೆಲ್ಲ ಮುಕ್ತ ತಂತ್ರಾಂಶವೇ. ಪ್ರತಿ ಆ್ಯಪ್‌ನ ಪುಟದ ಕೆಳಗೆ ಅದರ ಮೂಲ ಕೋಡ್ ಎಲ್ಲಿದೆ, ದೂರು ಎಲ್ಲಿ ಕೊಡಬೇಕು, ಅನುವಾದ ಎಲ್ಲಿ ನಡೆಯುತ್ತದೆ ಎಂಬ ಕೊಂಡಿಗಳು ಇರುತ್ತವೆ. ಕೊಂಡಿ ಒತ್ತಿ ಒಳಗೆ ಹೋದಾಗ ಒಂದೇ ಒಂದು ನೋಡಿ, ಪ್ರಾಜೆಕ್ಟ್‌ಗೆ ಉಸಿರಿದೆಯೇ? ಕೊನೆಯ ಬದಲಾವಣೆ ಯಾವಾಗ ಆಯಿತು, ಹೊರಗಿನವರು ಕೇಳಿದ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ? ಆರು ತಿಂಗಳಿಂದ ಸದ್ದಿಲ್ಲದಿದ್ದರೆ ಎಷ್ಟೇ ಚೆಂದದ ಆ್ಯಪ್ ಆದರೂ ಬಿಟ್ಟು ಮುಂದೆ ನಡೆಯಿರಿ.

ಅನುವಾದ: ಫೋನಿದ್ದರೆ ಸಾಕು, ಆದರೆ ಸುಲಭ ಎನ್ನಬೇಡಿ

ಲ್ಯಾಪ್‌ಟಾಪ್ ಬೇಕಿಲ್ಲ. ಬ್ರೌಸರ್‌ನಲ್ಲಿ ಖಾತೆ ತೆರೆದು, ಬಸ್ಸಿಗೆ ಕಾಯುವ ಹತ್ತು ನಿಮಿಷದಲ್ಲಿ ಐದು ಸಾಲು ಮುಗಿಸಬಹುದು. ಎಲ್ಲಿ ಮಾಡಬೇಕೆಂಬುದು ಮಾತ್ರ ಆ್ಯಪ್‌ಗೆ ಒಂದೊಂದು ಥರ. ವಿಕಿಪೀಡಿಯ ಮತ್ತು ಕಾಮನ್ಸ್ (ವಿಕಿಮೀಡಿಯದ ಫೋಟೊ ಭಂಡಾರ) ಆ್ಯಪ್‌ಗಳದ್ದು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ. ಹೊಸಬರಿಂದ ಅಲ್ಲಿ ಮೊದಲು ಒಂದಿಷ್ಟು ಪ್ರಯೋಗದ ಅನುವಾದ ಮಾಡಿಸಿ, ನೋಡಿ, ಆಮೇಲೆ ಒಳಗೆ ಬಿಡುತ್ತಾರೆ. ಎಫ್-ಡ್ರಾಯ್ಡ್, ಓಸ್ಮ್ಯಾಂಡ್, ಆಂಟೆನಾಪಾಡ್‌ಗಳದ್ದು ವೆಬ್ಲೇಟ್ ಎಂಬ ಅನುವಾದದ ತಾಣದಲ್ಲಿ, ಮುಂದೆ ಹೇಳುವ ಸ್ಟ್ರೀಟ್‌ಕಂಪ್ಲೀಟ್‌ನದ್ದು ಪೋಎಡಿಟರ್‌ನಲ್ಲಿ, ಫೈರ್‌ಫಾಕ್ಸ್‌ನದ್ದು ಮೊಝಿಲ್ಲಾದ ಪಾಂಟೂನ್‌ನಲ್ಲಿ.

ಈ ಮಾತು ಗೊತ್ತಿಲ್ಲದೆ ನಾನೇ ಒಂದು ಸಲ ಎಡವಿದೆ. ಒಂದು ಆ್ಯಪ್‌ನ ಕನ್ನಡ ಫೈಲನ್ನು ನೇರ ತೆರೆದು, ಎರಡು ರಾತ್ರಿ ಕುಳಿತು ನೂರಕ್ಕೂ ಹೆಚ್ಚು ಸಾಲು ತಿದ್ದಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದೆ. ಬೆಳಗಾಗುವುದರೊಳಗೆ ಅದನ್ನು ಮುಚ್ಚಿದ್ದರು. ಅನುವಾದವನ್ನು ವೆಬ್ಲೇಟ್‌ನಲ್ಲಿ ಮಾಡಿ, ಇಲ್ಲಿ ಮಾಡಿದರೆ ಮುಂದಿನ ಸಲ ಅದು ಅಳಿಸಿಹೋಗುತ್ತದೆ ಎಂದು ಒಂದು ಸಾಲು ಬರೆದಿದ್ದರು. ಆ ಸೂಚನೆ ಪ್ರಾಜೆಕ್ಟ್‌ನ ಕಾಂಟ್ರಿಬ್ಯೂಟಿಂಗ್ ಎಂಬ ಫೈಲಿನಲ್ಲಿ ಮೊದಲಿನಿಂದಲೂ ಇತ್ತು. ಯಾವ ದಾರಿ ಹಿಡಿದರೂ ಆ ಫೈಲನ್ನು ಓದದೆ ಒಂದಕ್ಷರ ಬರೆಯಬೇಡಿ.

ಇನ್ನು ಭಾಷೆಯ ಮಾತು. ಇಂಗ್ಲಿಷ್ ಸಾಲಿನ ನಡುವೆ ಶೇಕಡಾ ಚಿಹ್ನೆಯಿಂದ ಶುರುವಾಗುವ ಗುರುತು ಇರುತ್ತದೆ. ಆ್ಯಪ್ ಓಡುವಾಗ ಅಲ್ಲಿ ಊರಿನ ಹೆಸರೋ ಮನುಷ್ಯರ ಹೆಸರೋ ಬಂದು ಕೂರುತ್ತದೆ. ಇಂಗ್ಲಿಷ್‌ಗೆ ತೊಂದರೆಯಿಲ್ಲ, ಹೆಸರಿನ ಹಿಂದೆ ಒಂದು ಪದ ಇಟ್ಟರೆ ಮುಗಿಯಿತು. ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟಿಕೊಳ್ಳುತ್ತದೆ. ಬೀದರಿನಲ್ಲಿ, ಯಾದಗಿರಿಯಲ್ಲಿ, ಸೇಡಂನಲ್ಲಿ, ಜೇವರ್ಗಿಯಲ್ಲಿ. ಯಾವ ಊರು ಬರುತ್ತದೆಂದು ಅನುವಾದಕರಿಗೆ ಮೊದಲೇ ತಿಳಿಯದು. ಗುರುತಿನ ಮುಂದೆ ಬರೀ ‘ಅಲ್ಲಿ’ ಅಂಟಿಸಿದರೆ ತೆರೆಯ ಮೇಲೆ ‘ಯಾದಗಿರಿಅಲ್ಲಿ’ ಎಂದು ಕಾಣುತ್ತದೆ. ಓದಿದವರು ಮುಖ ಸಿಂಡರಿಸಿ ಮತ್ತೆ ಇಂಗ್ಲಿಷ್‌ಗೆ ಹೋಗುತ್ತಾರೆ. ಇದಕ್ಕೆ ಮದ್ದು ವಾಕ್ಯವನ್ನೇ ಒಡೆದು ಕಟ್ಟುವುದು. ‘ಸ್ಥಳ:’ ಎಂದು ಬರೆದು ಮುಂದೆ ಗುರುತು ಇಡಿ. ಮನುಷ್ಯರ ಹೆಸರಾದರೆ ಗುರುತಿನ ಮುಂದೆ ಜಾಗ ಬಿಟ್ಟು ‘ಅವರಿಗೆ’ ಎನ್ನಿ. ಮರ್ಯಾದೆಯೂ ಉಳಿಯಿತು, ವ್ಯಾಕರಣವೂ ಉಳಿಯಿತು.

ಏಕವಚನದ ಬಲೆ ಇನ್ನೂ ಸೂಕ್ಷ್ಮ. ‘ಒಂದು’ ಮತ್ತು ‘ಉಳಿದವು’ ಎಂದು ಎರಡು ಖಾನೆ ಕೊಟ್ಟಿರುತ್ತಾರೆ. ಮೊದಲ ಖಾನೆಯಲ್ಲಿ ‘ಒಂದು ಫೈಲ್’ ಎಂದು ಅಕ್ಷರದಲ್ಲಿ ಬರೆದುಬಿಡುತ್ತೇವೆ. ಆದರೆ ಆಂಡ್ರಾಯ್ಡ್ ಪಾಲಿಸುವ ಯೂನಿಕೋಡ್ ನಿಯಮದಲ್ಲಿ ಕನ್ನಡಕ್ಕೆ 0 ಮತ್ತು 1 ಎರಡೂ ಅದೇ ಖಾನೆಗೆ ಬರುತ್ತವೆ. ಹಾಗಾಗಿ ಏನೂ ಇಲ್ಲದಾಗಲೂ ಆ್ಯಪ್ ‘ಒಂದು ಫೈಲ್’ ಇದೆ ಎನ್ನುತ್ತದೆ! ಮೊದಲ ಖಾನೆಯಲ್ಲೂ ಅಂಕಿಯ ಗುರುತನ್ನೇ ಇಡಿ. ಈ ತಪ್ಪು ಎಷ್ಟೋ ಕನ್ನಡ ಅನುವಾದಗಳಲ್ಲಿ ನನ್ನ ಕಣ್ಣಿಗೆ ಬಿದ್ದಿದೆ. ತಿದ್ದಲು ಅರ್ಧ ನಿಮಿಷ ಸಾಕು.

‘ಉಳಿಸು’ ಬರೆಯಬೇಕೋ ‘ಉಳಿಸಿ’ ಬರೆಯಬೇಕೋ ಎಂಬ ಜಗಳ ಕನ್ನಡ ಅನುವಾದಕರ ನಡುವೆ ಹಳೆಯದು. ಗುಂಡಿಯ ಮೇಲಿನ ಮಾತು ನಾವು ಯಂತ್ರಕ್ಕೆ ಹೇಳುವುದು, ಅದಕ್ಕೆ ‘ಉಳಿಸು’. ‘ಹೆಸರು ಬರೆಯಿರಿ’ ಎಂಬುದು ಯಂತ್ರ ನಮಗೆ ಹೇಳುವುದು, ಅದಕ್ಕೆ ಬಹುವಚನ. ನನಗೆ ಒಪ್ಪಿಗೆಯಾದ ಲೆಕ್ಕ ಇದು. ಆದರೂ ಆ ಆ್ಯಪ್‌ನಲ್ಲಿ ಮೊದಲಿದ್ದವರು ‘ಉಳಿಸಿ’ ಎಂದೇ ನಡೆಸಿಕೊಂಡು ಬಂದಿದ್ದರೆ ಅವರ ಹಾದಿಯಲ್ಲೇ ಹೋಗಿ. ಒಂದೇ ಆ್ಯಪ್ ಎರಡು ದನಿಯಲ್ಲಿ ಮಾತಾಡಿದರೆ ಬಳಸುವವರಿಗೆ ಗೊಂದಲ. ಬೇರೆಯವರ ಸಾಲು ಹಿಡಿಸದಿದ್ದರೆ ಅಳಿಸಿ ಬರೆಯುವ ಬದಲು ಸಲಹೆಯಾಗಿ ಹಾಕುವ ಅನುಕೂಲ ವೆಬ್ಲೇಟ್‌ನಲ್ಲಿದೆ.

ಪದ ಆರಿಸುವಾಗ ನಾನು ಮನಸ್ಸಿನಲ್ಲಿ ಗಂಜ್‌ನ ನಮ್ಮ ಮಾಮಾನ ಅಡತಿ ಅಂಗಡಿಗೆ ಹೋಗಿ ನಿಲ್ಲುತ್ತೇನೆ. ತೊಗರಿ ಚೀಲದ ಮೇಲೆ ಕುಂತು ಫೋನ್ ನೋಡುವ ಹಮಾಲರಿಗೆ ‘ಸೆಟ್ಟಿಂಗ್ಸ್’ ತಿಳಿಯುತ್ತದೆ, ‘ಸಂಯೋಜನೆಗಳು’ ತಿಳಿಯುವುದಿಲ್ಲ. ಹಾಗೆಂದು ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಬಿಡಬೇಕಿಲ್ಲ. ‘ಹುಡುಕು’, ‘ಅಳಿಸು’, ‘ಹಿಂದೆ’ ಎಂಬವು ಅವರ ಬಾಯಲ್ಲೇ ಇರುವ ಮಾತು.

ದೂರು: ಅಗ್ಗದ ಫೋನೇ ಬಂಡವಾಳ

ಬರ್ಲಿನ್‌ನಲ್ಲೋ ಬೋಸ್ಟನ್‌ನಲ್ಲೋ ಕುಳಿತು ಆ್ಯಪ್ ಬರೆಯುವವರ ಮೇಜಿನ ಮೇಲೆ ಒಳ್ಳೆಯ ಫೋನು, ಒಳ್ಳೆಯ ನೆಟ್‌ವರ್ಕ್ ಇರುತ್ತದೆ. ಚಿಂಚೋಳಿ ಕಾಡಿನ ರಸ್ತೆಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ, 3 ಜಿಬಿ ರ‍್ಯಾಮ್‌ನ ಫೋನಿನಲ್ಲಿ ಅವರ ಆ್ಯಪ್ ಏನಾಗುತ್ತದೆ ಎಂದು ಅವರಿಗೆ ಹೇಳುವವರು ಬೇಕು. ಸಮಯದ ಲೆಕ್ಕದಲ್ಲಿ ಇದು ನಾಲ್ಕರಲ್ಲಿ ಅತಿ ಕಡಿಮೆ ಬೇಡುವ ದಾರಿ. ಸರಿಯಾದ ಒಂದು ದೂರಿಗೆ ಅರ್ಧ ತಾಸು ಸಾಕು.

‘ಆ್ಯಪ್ ಸರಿಯಿಲ್ಲ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಡಾಕ್ಟರ ಮುಂದೆ ಹೇಳಿಕೊಂಡ ಹಾಗೆ ಹೇಳಬೇಕು. ಆ್ಯಪ್‌ನ ಆವೃತ್ತಿ ಯಾವುದು, ಆಂಡ್ರಾಯ್ಡ್ ಎಷ್ಟನೆಯದು, ಫೋನ್ ಯಾವುದು. ಏನನ್ನು ಒತ್ತಿದಿರಿ, ಆಮೇಲೆ ಏನನ್ನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು. ಜೊತೆಗೆ ಒಂದು ಸ್ಕ್ರೀನ್‌ಶಾಟ್. ಅದಕ್ಕೂ ಮೊದಲು ಹೊಸ ಆವೃತ್ತಿ ಹಾಕಿಕೊಂಡು ನೋಡಿ, ಬೇರೆಯವರು ಅದೇ ದೂರು ಕೊಟ್ಟಿದ್ದಾರೆಯೇ ಎಂದು ಹುಡುಕಿ. ಒಂದು ದೂರಿನಲ್ಲಿ ಒಂದೇ ತೊಂದರೆ. ಬರೆಯುವುದು ಇಂಗ್ಲಿಷ್‌ನಲ್ಲಿ ಆಗಬೇಕಾದರೂ ಸಣ್ಣ ಸಣ್ಣ ವಾಕ್ಯ ಸಾಕು, ವ್ಯಾಕರಣ ತಪ್ಪಿದರೆ ಯಾರೂ ಬೈಯುವುದಿಲ್ಲ. ಒಂದು ಎಚ್ಚರಿಕೆ: ಪಾಸ್‌ವರ್ಡ್ ಸೋರುವಂಥ ಭದ್ರತೆಯ ದೋಷ ಸಿಕ್ಕರೆ ಎಲ್ಲರಿಗೂ ಕಾಣುವ ಕಡೆ ಬರೆಯಬೇಡಿ. ಪ್ರಾಜೆಕ್ಟ್‌ನವರು ಅದಕ್ಕೆಂದೇ ಕೊಟ್ಟಿರುವ ವಿಳಾಸಕ್ಕೆ ಗುಟ್ಟಾಗಿ ಕಳಿಸಿ.

ಕನ್ನಡಿಗರಿಗಷ್ಟೇ ಕಾಣುವ ದೋಷಗಳು ಬೇರೆ ಇವೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ‘ಸಾಫ್ಟ್ವೇರ್’ ಎಂದು ಒತ್ತಾಗಿ ಬೀಳುತ್ತದೆ. ಒಬ್ಬರು ಒಂದು ಥರ ಬರೆದಿಟ್ಟು ಇನ್ನೊಬ್ಬರು ಇನ್ನೊಂದು ಥರ ಹುಡುಕಿದರೆ, ಆ ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಆ್ಯಪ್ ಬರೆದಿರದಿದ್ದರೆ, ಇದ್ದದ್ದೂ ಸಿಗುವುದಿಲ್ಲ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದವರಿಗೆ ಇದು ಕನಸಿನಲ್ಲೂ ಹೊಳೆಯದು. ಒತ್ತಕ್ಷರದ ಬುಡ ಕತ್ತರಿಸಿಹೋಗುವುದೂ ಹಾಗೇ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ ‘ಇತ್ತೀಚಿನ’ ಎಂದು ಬಂದರೆ ‘ತ್ತೀ’ಯ ಕೆಳಗಿನ ಒತ್ತು ಅರ್ಧ ಮಾತ್ರ ಕಾಣುತ್ತದೆ.

ನಕ್ಷೆ ಮತ್ತು ಫೋಟೊ: ಕಾಲು ನಡೆದಷ್ಟು

ಕೆಲವು ಆ್ಯಪ್‌ಗಳ ಜೀವ ಕೋಡ್‌ಗಿಂತ ಒಳಗಿನ ಮಾಹಿತಿಯಲ್ಲಿರುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಎರಡೂ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನೇ ತೋರಿಸುತ್ತವೆ. ನಕ್ಷೆಯಲ್ಲಿ ನಿಮ್ಮ ಓಣಿ ಇಲ್ಲದಿದ್ದರೆ ಕೋಡ್ ಎಷ್ಟು ಚೆಂದ ಇದ್ದು ಏನು ಬಂತು?

ಇಲ್ಲಿಗೆ ಒಳ್ಳೆಯ ಬಾಗಿಲು ಸ್ಟ್ರೀಟ್‌ಕಂಪ್ಲೀಟ್ ಎಂಬ ಆಂಡ್ರಾಯ್ಡ್ ಆ್ಯಪ್. ನೀವು ನಡೆಯುತ್ತಾ ಹೋದಂತೆ ಸುತ್ತಲಿನ ಜಾಗದ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತದೆ. ಈ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ? ಈ ರಸ್ತೆಗೆ ದೀಪ ಇದೆಯೇ? ನೀವು ಉತ್ತರ ಒತ್ತಿದರೆ ನಿಮ್ಮ ಖಾತೆಯಿಂದ ನೇರ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗುತ್ತದೆ. ಒಂದು ಮುಂಜಾನೆ ಬಿಸಿಲೇರುವ ಮೊದಲು ಜಗತ್ ವೃತ್ತದಿಂದ ಹಳೆಯ ಓಣಿಗಳ ಕಡೆ ಹೊರಟೆ. ಒಂದು ಸಂದಿಯಲ್ಲಿ ಆ್ಯಪ್ ‘ಈ ರಸ್ತೆಯ ಮೇಲ್ಮೈ ಯಾವುದು’ ಎಂದು ಕೇಳಿ ಚಿತ್ರಗಳ ಸಾಲು ತೋರಿಸಿತು. ಡಾಂಬರು, ಸಿಮೆಂಟು, ಮಣ್ಣು, ಹಾಸುಗಲ್ಲು. ಕಾಲ ಕೆಳಗೆ ಇದ್ದದ್ದು ನಮ್ಮ ಶಹಾಬಾದಿ ಫರ್ಸಿ, ನಡೆದು ನಡೆದು ನುಣುಪಾದದ್ದು, ಮಳೆಗಾಲದಲ್ಲಿ ಮುದುಕರು ಗೋಡೆ ಹಿಡಿದು ದಾಟುವಂಥದ್ದು. ಹಾಸುಗಲ್ಲಿನ ಚಿತ್ರ ಒತ್ತಿದೆ. ಆ ಓಣಿಯ ನೆಲ ಕಲ್ಲಿನದು ಎಂಬುದನ್ನು ಉಪಗ್ರಹದ ಚಿತ್ರ ನೋಡಿ ಹೇಳಲು ಬಾರದು. ಅಲ್ಲಿ ಕಾಲಿಟ್ಟವರೇ ಹೇಳಬೇಕು.

ಊರಿನ ಹೆಸರುಗಳ ಕೆಲಸವೂ ಇಲ್ಲಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಹಳ್ಳಿಯ ಹಿರಿಯರು ಇವತ್ತಿಗೂ ಗುಲಬರ್ಗಾ ಎಂದೇ ಹುಡುಕುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದ ಹೆಸರಿಗೆ ಬೇರೆ ಜಾಗ, ಹಳೆಯ ಹೆಸರಿಗೆ ಬೇರೆ ಜಾಗ ಇದೆ. ತುಂಬಿದರೆ ಎರಡರಲ್ಲಿ ಯಾವುದನ್ನು ಹುಡುಕಿದರೂ ಸಿಗುವ ಹಾಗೆ ಆಗುತ್ತದೆ. ನಿಮ್ಮ ತಾಲ್ಲೂಕಿನ ಹಳ್ಳಿಗಳ ಕನ್ನಡ ಕಾಗುಣಿತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವುದು ಖಂಡಿತ ಕೂಡದು. ಹಕ್ಕುಸ್ವಾಮ್ಯದ ತಕರಾರು ಬರುತ್ತದೆ, ಹಾಗೆ ಸೇರಿಸಿದ್ದನ್ನು ಅಳಿಸಿಹಾಕುತ್ತಾರೆ.

ಫೋಟೊ ತೆಗೆಯುವ ಹವ್ಯಾಸ ಇದ್ದವರಿಗೆ ವಿಕಿಮೀಡಿಯ ಕಾಮನ್ಸ್ ಆ್ಯಪ್ ಇದೆ. ಹತ್ತಿರದಲ್ಲಿ ಫೋಟೊ ಬೇಕಾದ ಜಾಗಗಳನ್ನು ಅದು ನಕ್ಷೆಯ ಮೇಲೆ ತೋರಿಸುತ್ತದೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ, ಬೀದರಿನ 1472ರ ಮಹಮೂದ್ ಗವಾನ್ ಮದರಸಾ, ಇವುಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ಮಳಖೇಡದ ಕೋಟೆ, ಸನ್ನತಿಯ ಸುತ್ತಲಿನ ಊರುಗಳು, ನಿಮ್ಮೂರಿನ ಹಳೆಯ ಬಾವಿ, ಗುಡಿಯ ಮುಂದಿನ ಶಾಸನದ ಕಲ್ಲು, ಇವುಗಳ ಕಡೆ ಹೋಗಿ. ಅಲ್ಲಿ ಹಾಕಿದ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂಬುದು ತಿಳಿದಿರಲಿ. ಮನೆಯವರ ಮುಖ ಬಾರದಂತೆ ತೆಗೆಯಿರಿ.

ಕೋಡ್: ನೌಕರಿಯ ಕನಸಿದ್ದರೆ ಇದೇ, ಆದರೆ ಕಡೆಗೆ

ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸಿಕೊಳ್ಳಲು ಕೋಡ್‌ನಷ್ಟು ತೂಕ ಬೇರೆಯದಕ್ಕೆ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ವಿದ್ಯಾರ್ಥಿಗಳಿಗೆ ಅನುವಾದ ಮಾಡಿ ಎನ್ನುವುದು ಮೋಸವಾಗುತ್ತದೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಹೊಸಬರಿಂದ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಅದಕ್ಕೆ ಆಯ್ಕೆಯಾಗಬೇಕೆಂದರೆ ಆ ಪ್ರಾಜೆಕ್ಟ್‌ನವರಿಗೆ ಮೊದಲೇ ನಿಮ್ಮ ಕೆಲಸದ ಪರಿಚಯ ಇದ್ದರೆ ಬಹಳ ಅನುಕೂಲ.

ಬೇಡುವುದು ಹೆಚ್ಚು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರಬೇಕು, ಕೋಟ್ಲಿನ್ ಅಥವಾ ಜಾವಾ ಎಂಬ ಕೋಡ್ ಭಾಷೆ ಬರಬೇಕು, ಬೇರೆಯವರು ಬರೆದ ಸಾವಿರಾರು ಸಾಲು ಓದುವ ತಾಳ್ಮೆ ಬೇಕು. ಆರ್ಗ್ಯಾನಿಕ್ ಮ್ಯಾಪ್ಸ್‌ನ ಒಡಲೆಲ್ಲ ಸಿ ಪ್ಲಸ್ ಪ್ಲಸ್, ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ. ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿದ ಕೆಲಸ ಹುಡುಕಿ, ನಾನು ಇದನ್ನು ಮಾಡಬಹುದೇ ಎಂದು ಅಲ್ಲೇ ಕೇಳಿ, ಒಂದೇ ಸಣ್ಣ ಬದಲಾವಣೆ ಮಾಡಿ ಕಳಿಸಿ. ಕೆಲವು ಪ್ರಾಜೆಕ್ಟ್‌ಗಳು ಮೊದಲು ಒಂದು ಒಪ್ಪಂದಕ್ಕೆ ಸಹಿ ಕೇಳುತ್ತವೆ, ಓದಿ ಸಹಿ ಮಾಡಿ. ಎಐ ಬರೆದುಕೊಟ್ಟ ಕೋಡ್ ಕಳಿಸುವ ಮೊದಲು ಪ್ರಾಜೆಕ್ಟ್‌ನ ನಿಯಮ ನೋಡಿ. ನಿಯಮ ಒಪ್ಪಿದರೂ, ಈ ಸಾಲು ಯಾಕೆ ಹೀಗಿದೆ ಎಂದು ಕೇಳಿದರೆ ಉತ್ತರ ನಿಮ್ಮ ಬಾಯಿಂದ ಬರಬೇಕು.

ಅಕ್ಟೋಬರ್ ತಿಂಗಳ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಅಭಿಯಾನದ ಕಥೆ ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ. 2014ರಲ್ಲಿ ಶುರುವಾದ ಇದರಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್‌ಗೆ ಟೀ ಶರ್ಟ್ ಎಂದು ಇತ್ತು. 2020ರಲ್ಲಿ ಪ್ರಾಜೆಕ್ಟ್‌ನ ಪರಿಚಯ ಬರೆದಿಡುವ ರೀಡ್‌ಮಿ ಫೈಲಿಗೆ ಒಂದು ಪದ ಸೇರಿಸಿದಂಥ ಪೊಳ್ಳು ಬದಲಾವಣೆಗಳು ರಾಶಿ ಬಿದ್ದು, ಬಿಡುವಿನ ವೇಳೆಯಲ್ಲಿ ಪುಕ್ಕಟೆ ದುಡಿಯುವ ನಿರ್ವಾಹಕರು ಕಂಗಾಲಾದರು. ಆ ವರ್ಷವೇ ನಿಯಮ ಬದಲಾಯಿಸಿ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅನ್ವಯ ಎಂದು ಮಾಡಬೇಕಾಯಿತು. ಇನ್ನೊಬ್ಬರ ಸಂಜೆಯನ್ನು ಹಾಗೆ ಕಸಿದುಕೊಳ್ಳಬೇಡಿ.

ಯಂತ್ರ ಸಣ್ಣದಿದ್ದವರಿಗೆ ಎರಡು ಉಪಾಯ. ಎಮ್ಯುಲೇಟರ್ ಬಿಟ್ಟು ನಿಮ್ಮದೇ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಓಡಿಸಿ. ಅದೂ ಆಗದಿದ್ದರೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟ್‌ನ ನಿಮ್ಮ ಪ್ರತಿ ಮಾಡಿಕೊಂಡು, ಅದರಲ್ಲಿ ಆ್ಯಕ್ಷನ್ಸ್ ಎಂಬುದನ್ನು ಚಾಲೂ ಮಾಡಿ. ಎಪಿಕೆ (ಫೋನಿಗೆ ಹಾಕುವ ಆ್ಯಪ್ ಫೈಲ್) ಕಟ್ಟುವ ವ್ಯವಸ್ಥೆ ಪ್ರಾಜೆಕ್ಟ್‌ನಲ್ಲಿ ಮೊದಲೇ ಇದ್ದರೆ ಬಿಲ್ಡ್ ಗಿಟ್‌ಹಬ್‌ನ ಸರ್ವರ್‌ನಲ್ಲಿ ಆಗುತ್ತದೆ, ನೀವು ಎಪಿಕೆ ಇಳಿಸಿಕೊಂಡು ಫೋನಿಗೆ ಹಾಕಿ ನೋಡಿದರಾಯಿತು. ಐಫೋನ್ ಆ್ಯಪ್ ಆದರೆ ಮ್ಯಾಕ್ ಬೇಕೇ ಬೇಕು, ಅದಿಲ್ಲದವರು ಆ ಕಡೆ ತಲೆ ಹಾಕುವುದು ಬೇಡ.

ಹಣ ಕೊಡುವುದೂ ಒಂದು ದಾರಿಯೇ. ಸಂಬಳ ಬರುವವರು ತಿಂಗಳಿಗೆ ನೂರು ರೂಪಾಯಿ ಕೊಟ್ಟರೂ ಒಳ್ಳೆಯದು, ವಿದ್ಯಾರ್ಥಿಗಳಿಗೆ ಅದನ್ನು ನಾನು ಹೇಳುವುದಿಲ್ಲ. ಬಳಕೆಯ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ಅನುವಾದದ ಜೊತೆಗೇ ಎಣಿಸಿ.

ಆ ಹುಡುಗಿ ಹಿಡಿದ ಹಾದಿ

ಆ ದಿನ ಲ್ಯಾಪ್‌ಟಾಪ್ ಮುಚ್ಚಿಸಿ, ಆಕೆಯ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಲು ಹೇಳಿದೆ. “ಇವತ್ತಿನ ತನಕ ಇದನ್ನ ಕನ್ನಡದಾಗ ಇಟ್ಟೇ ಇಲ್ರಿ ಸರ್” ಎಂದಳು. ಒಂದು ವಾರ ಹಾಗೇ ಬಳಸು, ಕಣ್ಣಿಗೆ ಚುಚ್ಚಿದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡು ಎಂದು ಕಳಿಸಿದೆ. ಹನ್ನೊಂದು ತೆಗೆದಿದ್ದಳು. ಎಂಟು ಅನುವಾದದ ತಪ್ಪು, ಅವನ್ನು ವೆಬ್ಲೇಟ್‌ನಲ್ಲಿ ತಾನೇ ತಿದ್ದಿದಳು. ಎರಡು ಮೊದಲೇ ಯಾರೋ ದೂರು ಕೊಟ್ಟಿದ್ದವು. ಉಳಿದದ್ದು ಒಂದು ಗುಂಡಿಯಲ್ಲಿ ಒತ್ತಕ್ಷರ ಕತ್ತರಿಸಿಹೋಗಿದ್ದು.

ಅದಕ್ಕೆ ದೂರು ಬರೆದಳು. ‘ನಮಗೆ ಈ ಲಿಪಿ ಓದಲು ಬಾರದು, ಯಾವ ಭಾಗ ಕತ್ತರಿಸಿದೆ ಎಂದು ಗುರುತು ಮಾಡಿ ತೋರಿಸುತ್ತೀರಾ’ ಎಂದು ನಿರ್ವಾಹಕರು ಕೇಳಿದರು. ಸ್ಕ್ರೀನ್‌ಶಾಟ್ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಪೂರ್ತಿ ಅಕ್ಷರ ಬರೆದು ಕಳಿಸಿದಳು. ನೀವೇ ಸರಿಪಡಿಸಲು ನೋಡುತ್ತೀರಾ ಎಂದು ಅವರೇ ಕೇಳಿದರು. ಗುಂಡಿಯ ಎತ್ತರವನ್ನು ಒಂದು ಅಂಕಿಗೆ ಬಿಗಿದಿದ್ದರು. ಅದನ್ನು ಕನಿಷ್ಠ ಎತ್ತರ ಎಂದು ಮಾಡಿ, ಒಳಗಿನ ಅಕ್ಷರಕ್ಕೆ ತಕ್ಕಂತೆ ಹಿಗ್ಗಲು ಬಿಟ್ಟರೆ ಸಾಕಿತ್ತು. ಎರಡು ಸಾಲಿನ ಬದಲಾವಣೆ. ಬಿಲ್ಡ್ ಆಗಿದ್ದು ಗಿಟ್‌ಹಬ್‌ನ ಸರ್ವರ್‌ನಲ್ಲಿ, ಪರೀಕ್ಷೆ ಮಾಡಿದ್ದು ಆಕೆಯ ಅಪ್ಪನ ಫೋನಿನಲ್ಲಿ.

ಕಳಿಸಿ ವಾರವಾದರೂ ಉತ್ತರವಿಲ್ಲದಾಗ ಗಾಬರಿಯಾಗಿ ಫೋನ್ ಮಾಡಿದಳು. ಅವರಿಗೂ ಮನೆ ಮಾರು ಇರುತ್ತದೆ, ಇನ್ನೊಂದು ವಾರ ತಡೆದು ವಿನಯವಾಗಿ ಒಂದು ಸಾಲು ಬರೆ ಎಂದೆ. ಹತ್ತೊಂಬತ್ತನೆಯ ದಿನ ಸೇರಿಸಿಕೊಂಡರು. ಆ ಸಂಜೆ ಆಕೆ ನನಗೆ ಕಳಿಸಿದ ಚಿತ್ರದಲ್ಲಿ ಬೇರೆ ಏನೂ ಇರಲಿಲ್ಲ, ಆ ಗುಂಡಿ ಮಾತ್ರ ಇತ್ತು. ‘ಇತ್ತೀಚಿನ’ ಎಂಬ ಪದದ ತಾವೊತ್ತು ಪೂರ್ತಿ ಕಾಣುತ್ತಿತ್ತು.